1941ರ ವಿಲ್ಲಿಸ್ ಗ್ಯಾಸರ್: ಯಾವ ವರ್ಷಕ್ಕೆ ತಂದು ನಿಲ್ಲಿಸೋದು?

ತಿಪಟೂರು_ಟು_ಬೇಕರ್ಸ್‌ಫೀಲ್ಡ್:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತೀನಿ, ಬೈಕೋಬೇಡಿ.

ನಾನಿರೋದು ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್‌ನಲ್ಲಿ. ಊರು ದಾಟಿ ಉತ್ತರಕ್ಕೆ ಹೋದ್ರೆ ಫಾಮೋಸೋ ಸಿಗುತ್ತೆ. ಎರಡನೇ ಮಹಾಯುದ್ಧದ ಕಾಲದ ವಿಮಾನ ಪಟ್ಟಿ, ಆಮೇಲೆ ಡ್ರ್ಯಾಗ್ ರೇಸಿನ ಟ್ರ್ಯಾಕ್ ಆಯ್ತು. 1959ರಲ್ಲಿ ಶುರುವಾದ ಮಾರ್ಚ್ ಮೀಟ್ ಅನ್ನೋ ರೇಸ್ ಕೂಟ ನಡೆಯೋದು ಅಲ್ಲೇ. ನಾನು ಬಂದ ಮೊದಲ ವರ್ಷ ಸುಮ್ಮನೆ ನೋಡೋಕೆ ಹೋದವನು, ಈಗ ಪಕ್ಕದ ಮನೆ ಗ್ಯಾರೇಜಿನಲ್ಲಿ ಶನಿವಾರಗಳನ್ನ ಕಳೆದುಕೊಂಡಿದ್ದೀನಿ. ಹೆಂಡತಿ ಪ್ರಕಾರ ಭಾನುವಾರಗಳನ್ನೂ.

ಪಕ್ಕದ ಮನೆ ತಾತನಿಗೆ ಈಗ ಎಂಬತ್ತನಾಲ್ಕು. 1963ರಿಂದ 67ರವರೆಗೆ 1941ರ ವಿಲ್ಲಿಸ್ ಕೂಪೆಯೊಂದನ್ನ (ಎರಡು ಬಾಗಿಲ ಕಾರು) ಗ್ಯಾಸರ್ ಮಾಡಿಕೊಂಡು ಸುತ್ತಮುತ್ತಲ ಟ್ರ್ಯಾಕುಗಳಲ್ಲಿ ಓಡಿಸಿದ್ರಂತೆ. ದೊಡ್ಡ ಹೆಸರೇನಲ್ಲ. ವಾರವೆಲ್ಲ ಎಣ್ಣೆ ಬಾವಿ ಕೆಲಸ, ಭಾನುವಾರ ರೇಸು. ಮಗಳು ಹುಟ್ಟಿದ ವರ್ಷ ಗಾಡಿ ಮಾರಿದ್ರು. ಮೂರು ವರ್ಷದ ಹಿಂದೆ ಮೊಮ್ಮಗ ಅದನ್ನ ಯಾರದೋ ತೋಟದ ಶೆಡ್ಡಿನಲ್ಲಿ ಹುಡುಕಿ ತಂದ. ಅದೇ ಗಾಡಿ ಅನ್ನೋದಕ್ಕೆ ಏನು ಗುರುತು ಅಂತೀರಾ? ಫ್ರೇಮಿನ ಒಳಮೈಯಲ್ಲಿ ತಲೆಕೆಳಗಾಗಿ ಬೆಸುಗೆ ಹಾಕಿದ ಒಂದು ಬ್ರಾಕೆಟ್ಟು. ಆವತ್ತು ತೆಗೆಯೋಕೆ ಸೋಮಾರಿತನ ಬಂದು ಹಾಗೇ ಬಿಟ್ಟಿದ್ರಂತೆ. ತಾತ ಕಣ್ಣು ಮುಚ್ಕೊಂಡು ಕೈಯಲ್ಲಿ ತಡವಿ "ನನ್ನದೇ" ಅಂದ್ರು.

ಈಗ ವಿಷಯಕ್ಕೆ ಬರ್ತೀನಿ. ಹೋದ ಶನಿವಾರ ಬಲಗಡೆ ಬಾಗಿಲಿಗೆ ನೀರು ಹಾಕ್ಕೊಂಡು ಆರುನೂರರ ಎಮರಿ ಪೇಪರಲ್ಲಿ ಉಜ್ಜುತ್ತಿದ್ದೆ. ಮೇಲಿನ ಕಪ್ಪು ಹೋಯ್ತು, ಬೂದು ಪ್ರೈಮರು ಹೋಯ್ತು, ಅದರಡಿ ಹಳದಿ ಬಣ್ಣದ ಒಂದು ಕೊಕ್ಕೆ ಕಾಣಿಸ್ತು. ಕೈ ನಿಲ್ಲಿಸಿ ಬಟ್ಟೆಯಲ್ಲಿ ಒರೆಸಿದೆ. ಅಕ್ಷರದ ಬಾಲ. ಇನ್ನೂ ನಾಲ್ಕು ಇಂಚು ಹುಷಾರಾಗಿ ಉಜ್ಜಿದ ಮೇಲೆ ಒಂದು 'ಬಿ', ಓರೆಗೆರೆ, ಒಂದು 'ಜಿ'. ಪಕ್ಕದಲ್ಲಿ 'ಎಸ್' ಕೂಡ ಇತ್ತು, ಆದರೆ ಅದು ಬೇರೆ ಕೈ. ಸ್ವಲ್ಪ ದಪ್ಪ, ಸ್ವಲ್ಪ ಕೆಳಗೆ ಜಾರಿದೆ. ಬಿ ಗ್ಯಾಸ್ ಕ್ಲಾಸಿನಲ್ಲಿದ್ದ ಗಾಡಿಗೆ ಸೂಪರ್‌ಚಾರ್ಜರ್ (ಎಂಜಿನ್ನಿಗೆ ಜೋರಾಗಿ ಗಾಳಿ ತುಂಬೋ ಡಬ್ಬಾ) ಕೂರಿಸಿದ ವರ್ಷ ಯಾರೋ ಆ ಅಕ್ಷರ ಸೇರಿಸಿದ್ದಾರೆ.

ಹಾಗಾದರೆ ಈ ಗಾಡಿಯನ್ನ ಮತ್ತೆ ಕಟ್ಟುವಾಗ ಯಾವ ವರ್ಷದ ರೂಪಕ್ಕೆ ತಂದು ನಿಲ್ಲಿಸಬೇಕು? 63ರಲ್ಲಿ ಷೆವರ್ಲೆ 283 ಎಂಜಿನ್ ಕೊರೆಸಿ 301 ಘನ ಇಂಚು ಮಾಡಿ, ಹಿಲ್‌ಬಾರ್ನ್ ಕಂಪನಿಯ ಇಂಧನ ಇಂಜೆಕ್ಷನ್ ಹಾಕಿದ್ರು. 65ರಲ್ಲಿ ಅದರ ಮೇಲೆ 6-71 ಬ್ಲೋವರ್, ಅಂದ್ರೆ ಆ ಸೂಪರ್‌ಚಾರ್ಜರ್, ಬಂತು. 67ಕ್ಕೆ ಮುಂಭಾಗವೆಲ್ಲ ಫೈಬರ್‌ಗ್ಲಾಸ್. ಮೊಮ್ಮಗನಿಗೆ ಟ್ರ್ಯಾಕಿನಲ್ಲಿ ಓಡಿಸುವಾಸೆ. ಓಡಿಸಬೇಕಾದರೆ ಇವತ್ತಿನ ಸುರಕ್ಷತಾ ನಿಯಮ. ಅಲ್ಲಿಗೆ 'ಒರಿಜಿನಲ್' ಅನ್ನೋ ಮಾತು ಎಲ್ಲಿ ಉಳೀತು? ಈ ಕಟ್ಟೆಯಲ್ಲಿ ಹಳೇ ಗಾಡಿ ಕಟ್ಟಿ ಕೈ ಸುಟ್ಟುಕೊಂಡವರು ತುಂಬಾ ಜನ ಇದ್ದೀರಿ. ಹೇಳಿ.

ಹೊಸಬ_2:

ಸಾರ್ ತಪ್ಪು ತಿಳೀಬೇಡಿ. ಗ್ಯಾಸರ್ ಅಂದ್ರೆ ಗ್ಯಾಸ್ ಕಿಟ್ ಹಾಕಿದ ಗಾಡೀನಾ? ನಮ್ಮ ಆಟೋ ಥರ?

ತಿಪಟೂರು_ಟು_ಬೇಕರ್ಸ್‌ಫೀಲ್ಡ್:

ಹ್ಹಹ್ಹ, ಇಲ್ಲ ಗುರು. ಇಲ್ಲಿ ಪೆಟ್ರೋಲಿಗೆ ಗ್ಯಾಸ್ ಅಂತಾರೆ. ಎನ್‌ಎಚ್‌ಆರ್‌ಎ ಅನ್ನೋ ಸಂಸ್ಥೆಯನ್ನ ವಾಲಿ ಪಾರ್ಕ್ಸ್ 1951ರಲ್ಲಿ ಕಟ್ಟಿದ್ರು. ರಸ್ತೆಯಲ್ಲಿ ಹುಡುಗರು ರೇಸ್ ಹೊಡೆದು ಸಾಯೋದನ್ನ ತಪ್ಪಿಸಿ ಟ್ರ್ಯಾಕಿಗೆ ತರೋದು ಉದ್ದೇಶ. ಕಾಲು ಮೈಲಿ, ಅಂದರೆ 402 ಮೀಟರ್, ನಿಂತಲ್ಲಿಂದ ಎದ್ದು ನೇರ ಓಟ. ಗ್ಯಾಸ್ ಕ್ಲಾಸಿನವರು ಬಂಕಿನ ಪೆಟ್ರೋಲಲ್ಲೇ ಓಡಬೇಕು, ನೈಟ್ರೊಮೀಥೇನ್ (ನೈಟ್ರೋ ಅನ್ನೋ ರೇಸ್ ಇಂಧನ) ಹಾಕೋ ಹಾಗಿಲ್ಲ. ಗಾಡಿ ರಸ್ತೆ ಗಾಡಿ ಥರಾನೇ ಕಾಣಬೇಕು, ಹೆಡ್‌ಲೈಟು ಮಡ್‌ಗಾರ್ಡು ಎಲ್ಲ ಇರಬೇಕು. ಎಂಜಿನ್ನನ್ನ ಹಿಂದಕ್ಕೆ ಸರಿಸಬಹುದು, ಆದರೆ ವೀಲ್‌ಬೇಸಿನ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) ಶೇಕಡಾ 10ಕ್ಕಿಂತ ಹೆಚ್ಚಿಲ್ಲ. ತೂಕವನ್ನ ಎಂಜಿನ್ ಗಾತ್ರಕ್ಕೆ ಭಾಗಿಸಿ ಎ, ಬಿ, ಸಿ ಅಂತ ವರ್ಗ. 1957ರಲ್ಲಿ ಎನ್‌ಎಚ್‌ಆರ್‌ಎ ನೈಟ್ರೋವನ್ನೇ ನಿಷೇಧಿಸಿ ಕೆಲವು ವರ್ಷ ಹೊರಗಿಟ್ಟಿತು. ಆ ಸಮಯದಲ್ಲಿ ಪೆಟ್ರೋಲ್ ಗಾಡಿಗಳಿಗೆ ಒಳ್ಳೇ ಕಾಲ.

ವಿಲ್ಲಿಸ್ ಯಾಕೆ ಅಂದ್ರೆ, ಸಣ್ಣದು, ಹಗುರ, ಆಗ ಗುಜರಿ ಬೆಲೆ. ಜೀಪ್ ಮಾಡಿದ್ದು ಇದೇ ಕಂಪನಿ. ನಮ್ಮ ಮಹೀಂದ್ರದವರು ಹಿಂದೆ ಜೋಡಿಸುತ್ತಿದ್ದ ವಿಲ್ಲಿಸ್ ಜೀಪಿನ ಅಣ್ಣ ಅಂತ ತಿಳ್ಕೊ.

ಎರಡ್‌_ಸ್ಟ್ರೋಕ್_ಮೈಸೂರು:

ತಿಪಟೂರಣ್ಣ, ನಮ್ಮ ಜಾವಾ ಯೆಜ್ಡಿ ಲೋಕದಲ್ಲಿ ಇದೇ ಜಗಳ ಮೂವತ್ತು ವರ್ಷದಿಂದ ನಡೀತಿದೆ. ಫ್ಯಾಕ್ಟರಿ ನಮ್ಮೂರಲ್ಲೇ ಇತ್ತು, 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ಕೆಲಸ ಮಾಡಿದವರು ಇನ್ನೂ ಇದ್ದಾರೆ, ಹೋಗಿ ಕೇಳಬಹುದು. ಆದರೂ ಒಬ್ಬೊಬ್ಬರದು ಒಂದೊಂದು ಮಾತು. ಆರು ವೋಲ್ಟಿನ ವೈರಿಂಗ್ ಇಟ್ಕೊಂಡ್ರೆ ಹೆಡ್‌ಲೈಟು ದೇವರ ಮನೆ ದೀಪ. ಹನ್ನೆರಡು ವೋಲ್ಟ್ ಹಾಕಿದ್ರೆ "ಒರಿಜಿನಲ್ ಹಾಳು ಮಾಡಿದೆ" ಅಂತ ಬೈಗುಳ.

ನಾನು ಕಲಿತಿದ್ದು ಒಂದೇ. ವರ್ಷ ಆರಿಸಬೇಡಿ, ಒಂದು ಫೋಟೋ ಆರಿಸಿ. ಒಂದು ಫೋಟೋ ಅಂದ್ರೆ ಒಂದು ದಿನ. ಆ ದಿನ ಗಾಡಿ ಮೇಲೆ ಏನಿತ್ತೋ ಅದು ಇರಬೇಕು, ಏನಿರಲಿಲ್ಲವೋ ಅದು ಬೇಡ. '1965' ಅಂದುಬಿಟ್ರೆ ಜನವರಿಯ ಬಂಪರು, ಡಿಸೆಂಬರಿನ ಚಕ್ರ ಎಲ್ಲ ಸೇರಿ ಎಂದೂ ಇಲ್ಲದ ಗಾಡಿಯೊಂದು ಹುಟ್ಟುತ್ತೆ. ನನ್ನ ಮೊದಲ ಜಾವಾ ಹಾಗೇ ಆಗಿತ್ತು. ಟ್ಯಾಂಕು ಒಂದು ವರ್ಷದ್ದು, ಸೀಟು ಇನ್ನೊಂದರದ್ದು. ಎಲ್ಲ 'ಒರಿಜಿನಲ್' ಪಾರ್ಟೇ! ಬಹುಮಾನಾನೂ ಬಂತು, ನಾಚಿಕೆ ಆಮೇಲೆ ಬಂತು.

ಧಾರ್ವಾಡದಾಂವ:

ಅಲ್ರೀ ಸರ, ನೀವು ರೇಸ್ ಗಾಡಿಗೂ ಮದುವಿ ಆಲ್ಬಮ್ಮಿಗೂ ಫರಕ್ ತಿಳಿವಲ್ಲಿರಿ. ರೇಸ್ ಮಾಡಾಂವ ಭಾನುವಾರ ಸೋತ್ರ ಸೋಮವಾರ ಹೊಸಾ ಪಾರ್ಟ್ ಹಾಕ್ತಾನ. ಅಜ್ಜಾರು 63ದಾಗ ಇಂಜೆಕ್ಷನ್ ಹಾಕ್ಯಾರ, 65ದಾಗ ಬ್ಲೋವರ್ ಹಾಕ್ಯಾರ. ಯಾಕ? ಗೆಲ್ಲಾಕ. ಆವಾಗ ಇವತ್ತಿನ ಇಗ್ನಿಷನ್ ಬಾಕ್ಸ್ (ಕಿಡಿ ಹೊತ್ತಸೂ ಎಲೆಕ್ಟ್ರಾನಿಕ್ ಡಬ್ಬಿ) ಸಿಕ್ಕಿದ್ರ ಬಿಡ್ತಿದ್ರೇನು? ಹಂಗಾದ್ರ ಆ ಗಾಡಿಗೆ ನಿಷ್ಠಿ ಅಂದ್ರ ಏನು? ಜೋರ್ ಓಡಸೂದು. ಅದನ್ನ ಒಂದ್ ದಿನದಾಗ ಕಟ್ಟಿ ನಿಲ್ಲಿಸೂದು ಅಂದ್ರ ಓಡೂ ಕುದುರಿಗೆ ಹುಲ್ಲು ತುಂಬಿ ಶೋಕೇಸಿನ್ಯಾಗ ಇಟ್ಟಂಗ.

ಲೋಹವಿದ್ಯೆ:

ಧಾರವಾಡದವರ ವಾದಕ್ಕೆ ಉತ್ತರ ಕೊಡೋದು ಕಷ್ಟ, ಒಪ್ಪಿಕೊಳ್ತೀನಿ. ಆದರೆ ಆ ದಾರಿ ಎಲ್ಲಿಗೆ ಹೋಗುತ್ತೆ ಅಂತ ಕಣ್ಣಾರೆ ನೋಡಿದ್ದೀನಿ. (ಮಿಶಿಗನ್‌ನಲ್ಲಿದ್ದೀನಿ, ಎರಕದ ಲೋಹ ಒಡೆಯೋದು ಯಾಕೆ ಅಂತ ನೋಡೋದು ನನ್ನ ಹೊಟ್ಟೆಪಾಡು.)

ಡಾನ್ ಗಾರ್ಲಿಟ್ಸ್ ಅನ್ನೋ ಡ್ರ್ಯಾಗ್ ರೇಸರ್ 1964ರ ಆಗಸ್ಟ್ 1ರಂದು ನ್ಯೂಜೆರ್ಸಿಯಲ್ಲಿ ಗಂಟೆಗೆ 201.34 ಮೈಲಿ ಮುಟ್ಟಿದಾಗ ಅದೇ ದೊಡ್ಡ ಸುದ್ದಿ. ಇವತ್ತು 'ನೆನಪಿನ ರೇಸ್' ಅಂತ ಕರೆಯೋ ಮೀಟುಗಳಲ್ಲಿ, ನೋಡೋಕೆ ಅದೇ ಥರದ, ಎಂಜಿನ್ ಮುಂದಿರೋ ಟಾಪ್ ಫ್ಯುಯೆಲ್ (ನೈಟ್ರೋ ಕುಡಿಯೋ) ಗಾಡಿಗಳು ಕಾಲು ಮೈಲಿಯನ್ನ ಐದೂವರೆ ಸೆಕೆಂಡಿನಲ್ಲಿ ಮುಗಿಸಿ ಗಂಟೆಗೆ 250 ಮೈಲಿ ವೇಗ ದಾಟ್ತವೆ. ಗಟ್ಟಿ ಅಲ್ಯುಮಿನಿಯಂ ದಿಮ್ಮಿಯಿಂದ ಕೊರೆದ ಎಂಜಿನ್ ಬ್ಲಾಕು, ಹಲವು ತಟ್ಟೆಯ ಕ್ಲಚ್ಚು, ಹೊಸ ಬ್ಲೋವರು. ತಪ್ಪು ಅಂತಿಲ್ಲ, ನೋಡೋಕೆ ಭಾರೀ ಮಜಾ. ಆದರೆ ಅದು 60ರ ದಶಕದ ವೇಷ ಹಾಕಿದ ಇವತ್ತಿನ ಗಾಡಿ. ಎಲ್ಲರೂ ಸೋಮವಾರ ಹೊಸ ಪಾರ್ಟ್ ಹಾಕ್ತಾ ಹೋದರೆ ಹಳೇ ಕ್ಲಾಸು ಅನ್ನೋದೇ ಇರಲ್ಲ, ದುಡ್ಡಿದ್ದವರ ಕ್ಲಾಸು ಮಾತ್ರ ಇರುತ್ತೆ. ಅದಕ್ಕೇ ಎಷ್ಟೋ ಗ್ಯಾಸರ್ ಗುಂಪುಗಳು 1967ರ ಆಚೆಗಿನದು ಬೇಡ ಅಂತ ಗೆರೆ ಎಳೆದುಕೊಂಡಿವೆ.

ಇನ್ನೊಂದು ವಿಷಯ, ಇದು ನನಗೆ ತಲೆ ಕೆಡಿಸೋದು. ಮೂತಿ ಎತ್ತಿದ ಗ್ಯಾಸರ್‌ಗಳು! ಈಗ ಕಟ್ಟುವವರೆಲ್ಲ ಮುಂಭಾಗವನ್ನ ಆಕಾಶಕ್ಕೆ ಎತ್ತಿ ಇಡ್ತಾರೆ. ಕಾರ್ಟೂನ್ ಥರ. ಆಗಿನವರು ಎತ್ತಿದ್ದಕ್ಕೆ ಕಾರಣ ಇತ್ತು: ಆಗಿನ ಸ್ಲಿಕ್ ಟೈರುಗಳಿಗೆ (ಗೀರಿಲ್ಲದ ನುಣುಪು ರೇಸ್ ಟೈರು) ಹಿಡಿತ ಸಾಲುತ್ತಿರಲಿಲ್ಲ. ಗಾಡಿಯ ಭಾರದ ಕೇಂದ್ರ ಮೇಲಿದ್ದಷ್ಟೂ ಹೊರಡುವಾಗ ಹಿಂದಿನ ಚಕ್ರದ ಮೇಲೆ ತೂಕ ಕೂರುತ್ತೆ. ಅದಕ್ಕೂ ಮಿತಿ ಇತ್ತು, ಕ್ರ್ಯಾಂಕ್‌ಶಾಫ್ಟಿನ ನಡುಗೆರೆ ನೆಲದಿಂದ 24 ಇಂಚಿಗಿಂತ ಮೇಲೆ ಹೋಗೋ ಹಾಗಿರಲಿಲ್ಲ. ಟೈರು ಸುಧಾರಿಸಿದ ಹಾಗೆ ಗಾಡಿಗಳು ತಾವಾಗಿ ಕೆಳಗಿಳಿದವು. 66, 67ರ ಫೋಟೋ ನೋಡಿ, ಒಳ್ಳೇ ಗಾಡಿಗಳು ಎಷ್ಟು ಸಮತಟ್ಟಾಗಿವೆ. ಕಾರಣ ಹೋದ ಮೇಲೂ ಆಕಾರ ಉಳಿದು, ಆಮೇಲೆ ಆಕಾರವೇ ಬೆಳೆದುಬಿಡ್ತು.

ತಿಪಟೂರಿನವರೇ, ಒಂದು ಮುಖ್ಯ ಪ್ರಶ್ನೆ. ಮುಂದಿನ ಚಕ್ರ ಯಾವುದು? ಹಳೇ ಮೆಗ್ನೀಸಿಯಂ ಎರಕದ್ದಾ? ಆಗಿದ್ದರೆ ದಯವಿಟ್ಟು ಬಿರುಕಿನ ಪರೀಕ್ಷೆ ಮಾಡಿಸೋವರೆಗೆ ಒಂದಡಿಯೂ ಓಡಿಸಬೇಡಿ.

ಕುಡ್ಲ_ಗ್ಯಾರೇಜ್:

ಮಾರಾಯ್ರೆ, ಓಡಿಸಲೇಬೇಕು ಅಂತ ಯಾಕೆ ಹಠ? ನಮ್ಮ ಧರ್ಮಸ್ಥಳದಲ್ಲಿ ಹಳೇ ಕಾರುಗಳ ಸಂಗ್ರಹ ಉಂಟಲ್ಲ, ಚಂದ ತೊಳೆದು ಒರೆಸಿ ಇಟ್ಟಿದ್ದಾರೆ, ಮಕ್ಕಳು ನೋಡ್ತಾರೆ, ಖುಷಿ ಪಡ್ತಾರೆ. ಇದನ್ನೂ ಹಾಗೇ ಇಡಬಹುದಲ್ವಾ? ಅಲ್ಲಿ ಮ್ಯೂಸಿಯಂ ಇಲ್ವಾ?

ತಿಪಟೂರು_ಟು_ಬೇಕರ್ಸ್‌ಫೀಲ್ಡ್:

ಇವೆ. ಪೊಮೊನಾದಲ್ಲಿ ವಾಲಿ ಪಾರ್ಕ್ಸ್ ಹೆಸರಿನದು, ಫ್ಲೋರಿಡಾದ ಒಕಾಲಾದಲ್ಲಿ ಗಾರ್ಲಿಟ್ಸ್ ಅವರದೇ ಒಂದು. ಇವೆರಡರ ನಡುವಿನ ಒಂದು ದಾರೀನೂ ಇದೆ, ಅದು ಹುಟ್ಟಿದ್ದು ನಮ್ಮ ಫಾಮೋಸೋದಲ್ಲೇ. 2000ದ ಹಾಟ್ ರಾಡ್ ರೀಯೂನಿಯನ್‌ನಲ್ಲಿ ಕ್ಯಾಕಲ್‌ಫೆಸ್ಟ್ ಅಂತ ಶುರು ಮಾಡಿದ್ರು. ಹಳೇ ನೈಟ್ರೋ ಡ್ರ್ಯಾಗ್‌ಸ್ಟರ್‌ಗಳನ್ನ ಅವತ್ತಿನ ರೀತಿಯಲ್ಲೇ ಹಿಂದಿನಿಂದ ಇನ್ನೊಂದು ಗಾಡಿ ತಳ್ಳುತ್ತೆ, ಗೇರಲ್ಲಿರೋ ಎಂಜಿನ್ ತಿರುಗಿ ಹೊತ್ತಿಕೊಳ್ಳುತ್ತೆ. ಸಾಲಾಗಿ ನಿಲ್ಲಿಸಿ ಗುಡುಗಿಸ್ತಾರೆ, ಅಷ್ಟೇ. ರೇಸ್ ಇಲ್ಲ. ಕತ್ತಲಾದ ಮೇಲೆ ಪೈಪುಗಳಿಂದ ಬೆಂಕಿ ನಾಲಗೆ ಎತ್ತರಕ್ಕೆ ಏಳುತ್ತೆ, ಕಣ್ಣಲ್ಲಿ ಮೂಗಲ್ಲಿ ನೀರು. ಪೂರ್ತಿ ವೇಗದಲ್ಲಿ ಓಡಿಸಲ್ಲವಾದ್ದರಿಂದ 1962ರ ಗಾಡಿಯನ್ನ 1962ರ ಥರಾನೇ ಇಡಬಹುದು.

ನೈಟ್ರೋಗೆ ಆ ಸದ್ದು ಯಾಕೆ ಅಂದ್ರೆ ಅದರ ಅಣುವಿನೊಳಗೇ ಆಮ್ಲಜನಕ ಇದೆ. ಒಂದು ಪಾಲು ಪೆಟ್ರೋಲ್ ಸುಡೋಕೆ ತೂಕದಲ್ಲಿ 14.7 ಪಾಲು ಗಾಳಿ ಬೇಕು, ನೈಟ್ರೋಗೆ 1.7 ಸಾಕು. ಅದೇ ಗಾಳಿಗೆ ಎಂಟು ಪಟ್ಟಿಗಿಂತ ಹೆಚ್ಚು ಇಂಧನ ತುಂಬಬಹುದು. ನಮ್ಮ ವಿಲ್ಲಿಸ್ ಪೆಟ್ರೋಲ್ ಗಾಡಿ, ನಿಲ್ಲಿಸಿ ಗುರ್ ಅನ್ನಿಸಿದ್ರೆ ಯಾರೂ ತಿರುಗಿ ನೋಡಲ್ಲ. ಅದು ಹೊರಡೋದನ್ನ ನೋಡಬೇಕು. ಮುಂದಿನ ಚಕ್ರ ಎದ್ದು ಗಾಡಿ ಒಂದು ಕಡೆ ವಾಲಿಕೊಂಡು ಹೋಗೋದನ್ನ.

ಕುಡ್ಲ_ಗ್ಯಾರೇಜ್:

ಓ ಹಾಗೆ. ವೇಷ ಕಟ್ಟಿ ಕಿರೀಟ ಇಟ್ಟು ಚೌಕಿಯಲ್ಲೇ ಕೂತ ಹಾಗೆ ಆಯ್ತು. ರಂಗಸ್ಥಳಕ್ಕೆ ಬರಲೇ ಇಲ್ಲ. ಸರಿ, ನನ್ನ ಮಾತು ಹಿಂದೆ ತಗೊಂಡೆ. ಓಡಿಸಿ.

ಧಾರ್ವಾಡದಾಂವ:

ಕುಡ್ಲದವರು ಈ ಕಡಿ ಬಂದ್ರು. ಒಂದು ಓಟು.

ಎರಡ್‌_ಸ್ಟ್ರೋಕ್_ಮೈಸೂರು:

ಓಡಿಸಬೇಡಿ ಅಂತ ನಾನೂ ಹೇಳಲಿಲ್ಲ ಕಣ್ರೀ. ಹಳೇ ಗುಡಿ ಜೀರ್ಣೋದ್ಧಾರ ಮಾಡ್ತೀವಿ ಅಂತ ಕಲ್ಲು ಕಂಬಕ್ಕೆ ಆಯಿಲ್ ಪೇಂಟು ಬಳಿದು, ನೆಲಕ್ಕೆ ಬಾತ್‌ರೂಮಿನ ಟೈಲ್ಸ್ ಹಾಕ್ತಾರಲ್ಲ, ಆ ಕೆಲಸ ಬೇಡ ಅಂದೆ ಅಷ್ಟೇ. ಪೂಜೆ ನಡೀಲಿ, ಟೈಲ್ಸ್ ಬೇಡ.

ಅಂದಹಾಗೆ 6-71 ಬ್ಲೋವರ್ ಬಗ್ಗೆ ಒಂದು ಖುಷಿಯ ವಿಷಯ. ಅದು ರೇಸಿಗೆ ಹುಟ್ಟಿದ್ದಲ್ಲ. ಜನರಲ್ ಮೋಟಾರ್ಸ್‌ನ ಡೀಸೆಲ್ ಲಾರಿ ಬಸ್ಸು ಎಂಜಿನ್ನಿನದು. ಆರು ಸಿಲಿಂಡರು, ಒಂದೊಂದೂ 71 ಘನ ಇಂಚು, ಅದೇ ಹೆಸರು. ಟೂ ಸ್ಟ್ರೋಕ್ ಡೀಸೆಲ್! ನಮ್ಮ ಜಾವಾ ಕ್ರ್ಯಾಂಕ್‌ಕೇಸಿನಿಂದ ಉಸಿರಾಡುತ್ತೆ, ಆ ಡೀಸೆಲ್‌ಗೆ ಅದು ಬರಲ್ಲ, ಹೊರಗಿಂದ ಯಾರಾದರೂ ಊದಬೇಕು. ಆ ಊದೋ ಡಬ್ಬಾನ ಗುಜರಿಯಿಂದ ತಂದು ರೇಸ್ ಎಂಜಿನ್ ತಲೆ ಮೇಲೆ ಇಟ್ರು. ಈ ಜುಗಾಡ್ ನೋಡಿದ್ರೆ ನಮ್ಮವರೇ ಇರಬೇಕು ಅನ್ಸುತ್ತೆ.

ಲೋಹವಿದ್ಯೆ:

ಜುಗಾಡ್‌ನಿಂದ ಜನ ಸತ್ತಿದ್ದೂ ಇದೆ, ಅದನ್ನ ಮರೀಬೇಡಿ. ಆಗಿನ ಎಷ್ಟೋ ಗಾಡಿಗಳಲ್ಲಿ ರೋಲ್‌ಬಾರ್ ಅಂದ್ರೆ ತೆಳು ಸೈಲೆನ್ಸರ್ ಪೈಪು, ಬೆಲ್ಟ್ ಅಂದ್ರೆ ಮಿಲಿಟರಿ ವಿಮಾನದ ಹಳೇ ಸೊಂಟಪಟ್ಟಿ. 1959ರಲ್ಲಿ ಸೌತ್ ಕ್ಯಾರೊಲಿನಾದ ಚೆಸ್ಟರ್‌ನಲ್ಲಿ ಬ್ಲೋವರ್ ಸಿಡಿದು ಗಾರ್ಲಿಟ್ಸ್ ಸುಟ್ಟುಹೋದರು, ಬದುಕಿದ್ದೇ ಹೆಚ್ಚು. 1970ರ ಮಾರ್ಚ್ 8ರಂದು ಲಯನ್ಸ್ ಟ್ರ್ಯಾಕಿನಲ್ಲಿ ಗೇರ್ ವ್ಯವಸ್ಥೆಯೇ ಸಿಡಿದು ಬಲಪಾದದ ಒಂದು ಭಾಗ ಕತ್ತರಿಸಿತು, ಗಾಡಿ ಎರಡು ತುಂಡು. ಆಸ್ಪತ್ರೆಯಿಂದ ಬಂದ ಮನುಷ್ಯ ಎಂಜಿನ್ನನ್ನ ಬೆನ್ನ ಹಿಂದೆ ಇಟ್ಟು ಹೊಸ ಗಾಡಿ ಕಟ್ಟಿ 1971ರ ವಿಂಟರ್‌ನ್ಯಾಷನಲ್ಸ್ ಗೆದ್ದರು. ಆಮೇಲೆ ಎಂಜಿನ್ ಮುಂದಿಟ್ಟುಕೊಂಡು ಕೂರುವ ಕಾಲ ಬೇಗ ಮುಗೀತು.

ಹಾಗಾಗಿ ನನ್ನ ನಿಲುವು ಒರಟು. ಪ್ರಾಣ ಹಿಡಿದಿರೋ ಯಾವ ಸಾಮಾನೂ ಹಳೇದಿರಬಾರದು. ಬೆಲ್ಟು, ಚಾಲಕನ ಸುತ್ತಲ ಕೊಳವೆ ಪಂಜರ, ಫ್ಲೈವೀಲು, ಕ್ಲಚ್ಚಿನ ಸುತ್ತಲ ಉಕ್ಕಿನ ಕವಚ, ಇಂಧನದ ಪೈಪು. ಹಳೇ ಕ್ಲಚ್ ತಟ್ಟೆಯಲ್ಲಿ ಕಲ್ನಾರು ಇರುತ್ತೆ, ಗಾಳಿ ಹೊಡೆದು ಧೂಳು ಎಬ್ಬಿಸಲೇಬೇಡಿ. ಓಟ 10 ಸೆಕೆಂಡಿಗಿಂತ ಕಡಿಮೆ ಬಂದರೆ ಪೂರ್ತಿ ಪಂಜರ ಬೇಕೇ ಬೇಕು. ಬೆಲ್ಟಿನ ಮೇಲೆ ತಯಾರಾದ ದಿನಾಂಕದ ಚೀಟಿ ಇರುತ್ತೆ, ಎರಡು ವರ್ಷ ಆಯಸ್ಸು. ಅವಧಿ ಮುಗಿದಿದ್ದರೆ ತಪಾಸಣೆಯವರು ವಾಪಸ್ ಕಳಿಸ್ತಾರೆ. ಕಣ್ಣಿಗೆ ಕಾಣೋದು, ಕಿವಿಗೆ ಕೇಳೋದು ಎಷ್ಟು ಬೇಕಾದ್ರೂ ಹಳೇದಿರಲಿ. ಕಪ್ಪು ಬೆಲ್ಟು ಆರಿಸಿ, ಪಂಜರಕ್ಕೆ ಮಂಕು ಕಪ್ಪು ಬಳಿಯಿರಿ, ಹತ್ತು ಅಡಿ ದೂರದಿಂದ ಯಾರಿಗೂ ಗೊತ್ತಾಗಲ್ಲ.

ಧಾರ್ವಾಡದಾಂವ:

ಅಕ್ಕಾರ, ಇದನ್ನ ಒಪ್ಪಿದೆ. ಆದ್ರ ನೋಡ್ರಿ, ಪಂಜರ ಹೊಸಾದು ಇರಬೋದು ಅಂದ್ರ ನನ್ನ ಇಗ್ನಿಷನ್ ಬಾಕ್ಸ್ ಯಾಕ ಬ್ಯಾಡ?

ಲೋಹವಿದ್ಯೆ:

ಪಂಜರ ಗಾಡಿಯ ವೇಗ ಹೆಚ್ಚಿಸಲ್ಲ. ಬಾಕ್ಸ್ ಹೆಚ್ಚಿಸುತ್ತೆ.

ಧಾರ್ವಾಡದಾಂವ:

…ಬರೋಬರಿ ಅದ.

ತಿಪಟೂರು_ಟು_ಬೇಕರ್ಸ್‌ಫೀಲ್ಡ್:

ಇಗ್ನಿಷನ್ ಬಗ್ಗೆ ತಾತನದು ತಕರಾರೇ ಇಲ್ಲ. ವರ್ಟೆಕ್ಸ್ ಮ್ಯಾಗ್ನೆಟೋ ಇನ್ನೂ ಅವರ ಕಪಾಟಿನಲ್ಲೇ ಇತ್ತು, ಗಾಡಿ ಜೊತೆ ಮಾರಿರಲಿಲ್ಲ. ಹಳೇ ಟವೆಲ್ಲಿನಲ್ಲಿ ಸುತ್ತಿ, ಹೆಂಡತಿಯ ಹೊಲಿಗೆ ಡಬ್ಬದ ಹಿಂದೆ. ಬ್ಯಾಟರಿ ಬೇಡ, ತಾನೇ ಕಿಡಿ ಮಾಡಿಕೊಳ್ಳುತ್ತೆ. ಮ್ಯಾಗ್ನೆಟೋ ಥರಾನೇ ಕಾಣೋ, ಒಳಗೆ ಎಲೆಕ್ಟ್ರಾನಿಕ್ಸ್ ತುಂಬಿದ ಡಬ್ಬಾ ಅಂಗಡೀಲಿ ಸಿಗುತ್ತೆ. ಮೊಮ್ಮಗ ಅದನ್ನ ಫೋನಲ್ಲಿ ತೋರಿಸಿದ. ತಾತ ಮಾತಾಡದೆ ಎದ್ದು ಒಳಗೆ ಹೋಗಿ ಟವೆಲ್ ಗಂಟು ತಂದು ಮೇಜಿನ ಮೇಲೆ ಇಟ್ಟರು.

ಮುಂದಿನ ಚಕ್ರ ಮೆಗ್ನೀಸಿಯಂದೇ ಮೇಡಂ. ಈ ವಾರ ಪರೀಕ್ಷೆ ಮಾಡಿಸ್ತೀವಿ.

ಇನ್ನೊಂದು ಗಲಾಟೆ. ಬಾಗಿಲಿನ ಅಕ್ಷರ. ಇಲ್ಲೇ ಊರಲ್ಲಿ ಒಬ್ಬರಿಗೆ ಕೊಟ್ಟಿದ್ವಿ, ಹೆಸರು ಬೇಡ. ಫೋಟೋದಿಂದ ಅಕ್ಷರ ಬಿಡಿಸಿ ಕಂಪ್ಯೂಟರಿನಲ್ಲಿ ವಿನೈಲ್ ಕತ್ತರಿಸಿ ತಂದ್ರು. ತಪ್ಪೇ ಇಲ್ಲ. ಅದೇ ತಪ್ಪು. ಎರಡು ಕಡೆ ಬಾಗಿಲೂ ಒಂದಕ್ಕೊಂದು ಅಚ್ಚು, ಜಾರಿದ 'ಎಸ್' ಅನ್ನ 'ಸರಿ ಮಾಡಿ' ಮೇಲೆತ್ತಿದ್ದಾರೆ! ದುಡ್ಡು ಹೋಯ್ತು.

ಎರಡ್‌_ಸ್ಟ್ರೋಕ್_ಮೈಸೂರು:

ಅಯ್ಯೋ. ಕೈಯಲ್ಲಿ ಬರೆಸಿ ಅಣ್ಣ. ನಮ್ಮಲ್ಲಿ ಟ್ಯಾಂಕಿನ ಮೇಲಿನ ಗೆರೆಯನ್ನ ಸ್ಟಿಕ್ಕರಿನಲ್ಲಿ ಹಾಕೋರೂ ಇದ್ದಾರೆ, ಕುಂಚದಲ್ಲಿ ಎಳೆಯೋ ಒಬ್ಬರು ಹಿರಿಯರೂ ಇದ್ದಾರೆ. ಅವರು ಎಳೆಯುವಾಗ ಉಸಿರು ಹಿಡಿದಿರ್ತಾರೆ. ಉಸಿರು ಬಿಟ್ಟ ಜಾಗದಲ್ಲಿ ಗೆರೆ ಕೂದಲೆಳೆಯಷ್ಟು ದಪ್ಪ ಆಗಿರುತ್ತೆ. ಬೆರಳಲ್ಲಿ ಸವರಿದ್ರೆ ಅಂಚು ಎದ್ದಿರೋದು ಗೊತ್ತಾಗುತ್ತೆ.

ಧಾರ್ವಾಡದಾಂವ:

ನಮ್ಮ ಹುಬ್ಬಳ್ಳಿ ಲಾರಿ ಪೇಂಟರ್ ಒಬ್ರನ್ನ ಕಳಸ್ಲೇನು? ಜಿ, ಎಸ್ ಬರದು ಹಿಂದ 'ಹೆತ್ತವರ ಆಶೀರ್ವಾದ' ಫ್ರೀ.

ತಿಪಟೂರು_ಟು_ಬೇಕರ್ಸ್‌ಫೀಲ್ಡ್:

ವೀಸಾ ನೀವೇ ಮಾಡಿಸಿ 😄

ಒಬ್ಬ ಸೈನ್ ಪೇಂಟರ್ ಸಿಕ್ಕಿದ್ದಾರೆ. ಅಳಿಲ ಕೂದಲಿನ ಕುಂಚ, ಅಕ್ಷರ ಬರೆಯೋ ಒನ್ ಶಾಟ್ ಎನಾಮಲ್ಲು. ಬಾಗಿಲು ನೋಡಿದ ತಕ್ಷಣ ಅಂದ್ರು: "ಮೊದಲ ಎರಡಕ್ಷರ ಕಸುಬುದಾರನದು, 'ಎಸ್' ಬರೆದವನು ಎಡಗೈಯವನು." ತಾತ ನಕ್ಕುಬಿಟ್ಟರು. 'ಎಸ್' ಬರೆದಿದ್ದು ಅವರೇ, ಎಡಗೈಯವರೇ. ಪೇಂಟರಿಗೆ ಕೊಡೋಕೆ ದುಡ್ಡಿರಲಿಲ್ಲವಂತೆ, ಎಲ್ಲ ಬ್ಲೋವರಿಗೆ ಹೋಗಿತ್ತು.

ಹೊಸಬ_2:

ಈ ಗಾಡಿ ಈಗ ಕೊಳ್ಳೋಕೆ ಸಿಗುತ್ತಾ ಸಾರ್? ಬೆಲೆ?

ಲೋಹವಿದ್ಯೆ:

ಉಕ್ಕಿನ ಮೈಯ 41 ಸಿಗೋದು ಅಪರೂಪ. ಇವತ್ತು ಪ್ರದರ್ಶನಗಳಲ್ಲಿ ಕಾಣೋ '41 ವಿಲ್ಲಿಸ್'ಗಳಲ್ಲಿ ಬಹಳಷ್ಟು ಫೈಬರ್‌ಗ್ಲಾಸ್ ತದ್ರೂಪುಗಳು. ತಟ್ಟಿ ನೋಡಿದರೆ ತಿಳಿಯುತ್ತೆ, ಆದರೆ ಮಾಲೀಕರು ತಟ್ಟೋಕೆ ಬಿಡಲ್ಲ.

ತಿಪಟೂರು_ಟು_ಬೇಕರ್ಸ್‌ಫೀಲ್ಡ್:

ಎರಡು ವಾರ ಆಯ್ತು, ಸುದ್ದಿ ಹೇಳ್ತೀನಿ.

ಚಕ್ರ. ಮೊದಲು ಚೆನ್ನಾಗಿ ತೊಳೆದು ಒಣಗಿಸಿ, ಮೇಲೆ ಕೆಂಪು ದ್ರಾವಣ ಸ್ಪ್ರೇ ಮಾಡಿ ಹತ್ತು ನಿಮಿಷ ಬಿಟ್ಟು ಒರೆಸಿದ್ರು. ಏನೂ ಇಲ್ಲ, ಬೆಳ್ಳಿ ಥರ ಹೊಳೀತಿದೆ. ಆಮೇಲೆ ಬಿಳಿ ಪುಡಿಯ ಸ್ಪ್ರೇ. ನೋಡ್ತಾ ನೋಡ್ತಾ ಎಡಚಕ್ರದ ಎರಡು ನಟ್ಟಿನ ತೂತುಗಳ ನಡುವೆ ಕೆಂಪು ಕೂದಲೆಳೆಯೊಂದು ಮೂಡಿತು. ಬಿರುಕು. ಬಿಳಿ ಪಂಚೆಗೆ ಕುಂಕುಮ ನೀರು ತಾಗಿದ ಹಾಗೆ ಹರಡಿಕೊಂಡು ಬಂತು. ಯಾರೂ ಮಾತಾಡಲಿಲ್ಲ. ಈ ಚಕ್ರದ ಮೇಲೆ ಮೊಮ್ಮಗನನ್ನ ಕೂರಿಸಿ ಕಳಿಸೋರಿದ್ವಿ. ಲೋಹವಿದ್ಯೆ ಮೇಡಂ, ನಿಮಗೆ ಒಂದು ಕ್ವಿಂಟಾಲ್ ತಿಪಟೂರು ಕೊಬ್ಬರಿ ಬಾಕಿ. ಆ ಜೋಡಿ ಈಗ ಗೋಡೆ ಮೇಲೆ. ಅದೇ ಆಕಾರದ ಹೊಸ ಅಲ್ಯುಮಿನಿಯಂ ಎರಕದ್ದು ತರಿಸಿದ್ದೀವಿ, ಬೂದು ಬಣ್ಣ ಬಳಿದು ಮೆಗ್ನೀಸಿಯಂ ಥರ ಮಂಕು ಮಾಡಿದ್ದೀವಿ. ಹಿಂದಿನ ಸ್ಲಿಕ್ಕುಗಳು ಎಂ ಅಂಡ್ ಎಚ್ ಕಂಪನಿಯವು, ಹಳೇ ಮಾದರಿ ಈಗಲೂ ಹೊಸದಾಗಿ ಸಿಗುತ್ತೆ.

ಫೋಟೋನೂ ಆರಿಸಿದ್ವಿ. 1965, ಬ್ಲೋವರ್ ಬಂದ ಮೇಲಿನದು. ಜಾರಿದ 'ಎಸ್' ಇದೆ, ಮೂತಿ ಸ್ವಲ್ಪವೇ ಎತ್ತಿದೆ, ಅಳತೆ ಮಾಡಿ ಅಷ್ಟಕ್ಕೇ ನಿಲ್ಲಿಸ್ತೀವಿ. ಹಳೇ ಸೈಲೆನ್ಸರ್ ಪೈಪಿನ ರೋಲ್‌ಬಾರ್ ತೆಗೆದು, 1.75 ಇಂಚಿನ, 0.118 ಇಂಚು ದಪ್ಪದ ಉಕ್ಕಿನ ಕೊಳವೆಯಲ್ಲಿ ಪಂಜರ. ಒಳಗೆ ಕಪ್ಪು.

ಇಷ್ಟೆಲ್ಲ ಆದ ಮೇಲೆ ನಿಜವಾದ ಜಗಳ ಈಗ ಶುರು. ಬಣ್ಣ. ಫೋಟೋ ಕಪ್ಪು ಬಿಳುಪು. ತಾತ ಹೇಳ್ತಾರೆ ಗಾಡಿ ಕೆಂಪು, ಕ್ಯಾಂಡಿ ಕೆಂಪು, ಬಿಸಿಲಲ್ಲಿ ಬೆಂಕಿ ಥರ ಇತ್ತು ಅಂತ. ಬಾಗಿಲಲ್ಲಿ ನಾನು ಉಜ್ಜಿದ ಜಾಗದಲ್ಲಿ ಪದರಗಳು ಉಂಗುರ ಉಂಗುರವಾಗಿ ಕಾಣ್ತವೆ, ಮರ ಕೊಯ್ದ ಹಾಗೆ. ಹಳದಿ ಅಕ್ಷರದ ಕೆಳಗಿರೋದು ನೀಲಿ. ಇನ್ನೂ ನಾಲ್ಕು ಕಡೆ ಉಜ್ಜಿ ನೋಡಿದ್ವಿ. ಎಲ್ಲೂ ಕೆಂಪಿಲ್ಲ.

ಲೋಹವಿದ್ಯೆ:

ಕ್ಯಾಂಡಿ ಬಣ್ಣ ಆಗಿದ್ದರೆ ಕೆಳಗೆ ಬೆಳ್ಳಿಯೋ ಚಿನ್ನದ್ದೋ ತಳಪದರ ಇರಬೇಕು, ಪಾರದರ್ಶಕ ಬಣ್ಣಕ್ಕೆ ಅದಿಲ್ಲದೆ ಹೊಳಪಿಲ್ಲ. ಅದೂ ಕಾಣ್ತಿಲ್ಲವಾ?

ತಿಪಟೂರು_ಟು_ಬೇಕರ್ಸ್‌ಫೀಲ್ಡ್:

ಇಲ್ಲ. ಪ್ರೈಮರ್, ನೀಲಿ, ಅಷ್ಟೇ.

ಕುಡ್ಲ_ಗ್ಯಾರೇಜ್:

ಒಂದು ವಿಷಯ ಹೊಳೀತು ನನಗೆ. ಆ ಕಾಲದ ವಿಲ್ಲಿಸ್ ಫೋಟೋ ಹುಡುಕ್ತಾ ಕೂತಿದ್ದೆ ನಿನ್ನೆ ರಾತ್ರಿ. ಬಿಗ್ ಜಾನ್ ಮಜ್ಮೇನಿಯನ್ ಅವರ 41 ವಿಲ್ಲಿಸ್ ಕ್ಯಾಂಡಿ ಕೆಂಪು. ಅದಕ್ಕೆ ಎದುರಾಳಿ ಸ್ಟೋನ್, ವುಡ್ಸ್ ಅಂಡ್ ಕುಕ್ ತಂಡದ 'ಸ್ವಿಂಡ್ಲರ್', ಅದು ನೀಲಿ. ಎರಡೂ ಕ್ಯಾಲಿಫೋರ್ನಿಯಾದ್ದೇ. ನಿಮ್ಮ ತಾತ ಮಜ್ಮೇನಿಯನ್ ಗಾಡಿಯ ಕೆಂಪು ನೋಡಿ ನೋಡಿ ತನ್ನ ಗಾಡಿಗೆ ಹಚ್ಚಿಕೊಂಡ್ರೋ ಏನೋ, ತಲೆಯಲ್ಲಿ?

ಎರಡ್‌_ಸ್ಟ್ರೋಕ್_ಮೈಸೂರು:

ಕುಡ್ಲದವರು ಪಾಯಿಂಟ್ ಹಿಡಿದ್ರು! ನೀಲಿ ಹೊಡೀರಿ. ನೆನಪು ಬದಲಾಗುತ್ತೆ, ಬಣ್ಣದ ಪದರ ಬದಲಾಗಲ್ಲ.

ಧಾರ್ವಾಡದಾಂವ:

ನಾ ಒಪ್ಪಂಗಿಲ್ಲ. ಗಾಡಿ ಯಾರ್ದು? ಅಜ್ಜಾರ್ದು. ಎಂಬತ್ತನಾಲ್ಕು ವಯಸ್ಸಿನ್ಯಾಗ ಅವ್ರಿಗೆ ಅದು ಕೆಂಪ್ ಕಂಡ್ರ ಕೆಂಪ್ ಹೊಡೀರಿ. ಯಾರ ಸಲುವಾಗಿ ಈ ಎಲ್ಲಾ? ಪ್ರದರ್ಶನದ ಜಡ್ಜ್ ಸಲುವಾಗೇನು?

ಲೋಹವಿದ್ಯೆ:

ಕೆಂಪು ಹೊಡೆದರೆ ಆ ಹಳದಿ 'ಎಸ್' ಯಾವ ಬಣ್ಣದ ಮೇಲೆ ಬರೆದಿದ್ದು ಅನ್ನೋದು ಇಲ್ಲಿಗೆ ಅಳಿಸಿಹೋಗುತ್ತೆ. ಅವರ ಕೈಬರಹವನ್ನ ಉಳಿಸಿ ಅದರ ಹಿನ್ನೆಲೆಯನ್ನ ಸುಳ್ಳು ಮಾಡೋದು ನನಗೆ ಸರಿ ಕಾಣಲ್ಲ. ಆದರೂ ಇದು ಮೊಮ್ಮಗ ಮತ್ತು ತಾತನ ಮಾತು, ನಮ್ಮದಲ್ಲ.

ತಿಪಟೂರು_ಟು_ಬೇಕರ್ಸ್‌ಫೀಲ್ಡ್:

ಇವತ್ತು ಬೆಳಿಗ್ಗೆ ತಾತನನ್ನ ಕರೆದು ಕುರ್ಚಿ ಹಾಕಿ ಬಾಗಿಲ ಮುಂದೆ ಕೂರಿಸಿದ್ವಿ. ಕನ್ನಡಕ ಒರೆಸಿಕೊಂಡು ಆ ಉಂಗುರಗಳನ್ನ ತುಂಬಾ ಹೊತ್ತು ನೋಡಿದ್ರು. ಉಗುರಲ್ಲಿ ನೀಲಿಯನ್ನ ಕೆರೆದ್ರು. ಆಮೇಲೆ "ಕೆಂಪು ಹೊಡೆಸಬೇಕು ಅಂತ ಇದ್ದೆ, ದುಡ್ಡು ಬ್ಲೋವರಿಗೆ ಹೋಯ್ತು" ಅಂದ್ರು. ಹಾಗೆ ಅಂದವರೇ ಎದ್ದು ಕಾಫಿ ಕುಡಿಯೋಕೆ ಒಳಗೆ ಹೋದ್ರು.

ನೀಲಿ ಹೊಡೀತಿದ್ದೀವಿ. ಬಾಗಿಲಿನ ಒಳಅಂಚಿನಲ್ಲಿ ಅಂಗೈಯಗಲದ ಜಾಗ ಬಣ್ಣ ಹೊಡೆಯದೆ ಹಾಗೇ ಬಿಡ್ತೀವಿ, ಪದರಗಳು ಕಾಣೋ ಥರ, ಮೇಲೆ ಪಾರದರ್ಶಕ ಲ್ಯಾಕರ್ ಮಾತ್ರ. ತಲೆಕೆಳಗಾದ ಬ್ರಾಕೆಟ್ಟೂ ಅಲ್ಲೇ ಇರುತ್ತೆ. ಬೆಲ್ಟ್ ತರಿಸಿದ್ದೀನಿ, ಚೀಟಿ ನೋಡಿದ್ರೆ ಆರು ತಿಂಗಳು ಅಂಗಡಿಯಲ್ಲೇ ಕಳೆದುಹೋಗಿದೆ. ಇನ್ನು ಒಂದೂವರೆ ವರ್ಷ ಇದೆ, ಅಷ್ಟರೊಳಗೆ ಎಂಜಿನ್ ಕೂರಿಸಬೇಕು.

ಧಾರ್ವಾಡದಾಂವ:

ಅಜ್ಜಾರಿಗೆ ಹೆಲ್ಮೆಟ್ಟರ ಕೆಂಪಂದು ಕೊಡಸ್ರಿ.